ಗಿಡ್ಡ ಗೇರಿನ ಅತ್ತೆ

ಅವರ ಮೂಗಿನ ಎಡಮಗ್ಗುಲಿಗೆ ಗ್ರೀಸಿನ ಒಂದು ಕಪ್ಪು ಬೊಟ್ಟು ಸದಾ ಇರುತ್ತಿತ್ತು. ಹಣೆಯ ಮೇಲೆ ಮೂರು ಬೆರಳಿನ ಅಚ್ಚ ಬಿಳಿ ವಿಭೂತಿ, ಅದರ ಕೆಳಗೆ ಮೂಗುಬೊಟ್ಟು ಇರಬೇಕಾದ ಜಾಗದಲ್ಲಿ ಈ ಮಸಿ. ಯೋಚನೆಗೆ ಬಿದ್ದರೆ ಹೆಬ್ಬೆರಳಿನಿಂದ ಮೂಗು ತಿಕ್ಕಿಕೊಳ್ಳುವುದು ಅವರ ಚಟ, ಆ ಹೆಬ್ಬೆರಳು ದಿನದ ಬಹುಪಾಲು ಯಾವುದಾದರೂ ಇಂಜಿನ್ನಿನ ಒಳಗಿರುತ್ತಿತ್ತು. ಊಟದ ಹೊತ್ತಿಗೆ ಕೈಗೆ ಸೀಮೆಎಣ್ಣೆ ಹಚ್ಚಿ, ಜೋಳದ ಹಿಟ್ಟಿನಲ್ಲಿ ತಿಕ್ಕಿ, ಉಗುರಿನ ಸಂದಿಯವರೆಗೆ ಬೆಳ್ಳಗೆ ಮಾಡಿಕೊಂಡು ರೊಟ್ಟಿ ಬಡಿಯಲು ಕೂರುತ್ತಿದ್ದರು. ಮೂಗಿನ ಬೊಟ್ಟು ಮಾತ್ರ ಹಾಗೇ ಉಳಿಯುತ್ತಿತ್ತು. ಕನ್ನಡಿ ನೋಡುವ ಅಭ್ಯಾಸ ಅವರಿಗಿರಲಿಲ್ಲ. ಹೇಳುವ ಧೈರ್ಯ ಮನೆಯಲ್ಲಿ ಬೇರೆ ಯಾರಿಗೂ ಇರಲಿಲ್ಲ.

ನಾನು ಮದುವೆಯಾಗಿ ಜಹೀರಾಬಾದಿಗೆ ಬಂದ ದಿನ ಅವರು ಅಂಗಳದಲ್ಲಿ ನಿಂತಿದ್ದ ಲಾರಿಯ ಕೆಳಗಿನಿಂದ ತೆವಳಿ ಹೊರಬಂದು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಸಿಕಂದ್ರಾಬಾದಿನ ಕಾನ್ವೆಂಟಿನಾಕಿ ನೀನೇ ಏನು? ಇಂಗ್ಲಿಷ್ ಬರ್ತದಂತ. ರೊಟ್ಟಿ ಬರ್ತದೇನು?”

“ಇಲ್ಲರಿ,” ಎಂದೆ. ಹೆದರಿಕೆಗೆ ಬೇರೆ ಉತ್ತರ ಹೊಳೆಯಲಿಲ್ಲ.

“ಛಲೋ ಆತು. ಖರೇ ಹೇಳಿದಿ. ಬರ್ತದಂತ ಹೇಳಿ ಹಿಟ್ಟು ಹಾಳು ಮಾಡೋರ್ನ ನೋಡೀನಿ,” ಎಂದು ಮತ್ತೆ ಲಾರಿಯ ಕೆಳಗೆ ಹೋದರು. ಅದೇ ನನಗೆ ಸಿಕ್ಕ ಸ್ವಾಗತ. ನಮ್ಮ ಸಿಸ್ಟರುಗಳು ಕಲಿಸಿದ್ದ ಮ್ಯಾನರ್ಸಿಗೆ ಅದು ಎಲ್ಲೂ ಹೊಂದುತ್ತಿರಲಿಲ್ಲ. ಆದರೂ ಆ ದಿನ ಎಷ್ಟೋ ಜನ ಆಡಿದ್ದ ಸಿಹಿ ಮಾತುಗಳಲ್ಲಿ ಇಂದಿಗೂ ನೆನಪಿರುವುದು ಅದೊಂದೇ.

ಸಂಬಂಧದಲ್ಲಿ ಅವರು ನಮ್ಮ ಮಾವನವರ ತಂಗಿ. ನನ್ನ ಸ್ವಂತ ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರಿಂದ ಆ ಮನೆಯಲ್ಲಿ ನನಗೆ ಅತ್ತೆ ಎಂದರೆ ಇವರೊಬ್ಬರೇ. ಅವರನ್ನು ನಾರಾಯಣಖೇಡದ ಆಚೆ, ಕಲ್ಹೇರದ ಕಡೆಗೆ ಕೊಟ್ಟಿದ್ದರು. ಗಂಡ ಲಾರಿ ಇಟ್ಟವರು. ಮುಂಬಯಿ ರಸ್ತೆಯಲ್ಲಿ ತೊಗರಿ, ಬೆಲ್ಲ, ತಾಂಡೂರಿನ ಹಾಸುಗಲ್ಲು ಸಾಗಿಸುತ್ತಿದ್ದರು. ಅವರು ಜ್ವರದಲ್ಲಿ ತೀರಿಕೊಂಡಾಗ ಮೈದುನರು ಹೊಲ ಇಟ್ಟುಕೊಂಡರು, ಅತ್ತೆ ಲಾರಿಗಳನ್ನು ಕೇಳಿದರು. ಹೆಣ್ಣುಮಗಳಿಗೆ ಲಾರಿ ಏತಕ್ಕೆ ಎಂದು ನಕ್ಕು ಕೊಟ್ಟರಂತೆ. ಅತ್ತೆ ಅವನ್ನು ಅಣ್ಣನ ಮನೆಯ ಅಂಗಳಕ್ಕೆ ತಂದು ನಿಲ್ಲಿಸಿದರು. ಸಾಲಿನಲ್ಲಿ ಮೊದಲ ಲಾರಿಯನ್ನು ತಾವೇ ಓಡಿಸಿಕೊಂಡು ಬಂದಿದ್ದರು.

ಭಾಷೆಯ ಲೆಕ್ಕದಲ್ಲಿ ರಾಜ್ಯಗಳು ಬೇರೆಯಾಗಿ, ಬೀದರ್ ಆ ಕಡೆಗೂ ನಾವು ಈ ಕಡೆಗೂ ಬಿದ್ದು ಕೆಲವು ವರ್ಷಗಳಾಗಿದ್ದವು. ಬೀದರಿನ ನೆಂಟರ ಮನೆಗೆ ಹಬ್ಬದ ಊಟಕ್ಕೆ ಹೋಗಬೇಕಾದರೂ ಚೆಕ್‌ಪೋಸ್ಟ್ ದಾಟಬೇಕು. ಅತ್ತೆ ಚೆಕ್‌ಪೋಸ್ಟಿನವರ ಜೊತೆ ತೆಲುಗು, ಡ್ರೈವರುಗಳ ಜೊತೆ ಉರ್ದು, ಇಂಜಿನ್ನಿನ ಜೊತೆ ಕನ್ನಡ ಮಾತಾಡುತ್ತಿದ್ದರು. ಮೂರರಲ್ಲೂ ಬೈಗುಳ ಒಂದೇ ಧಾಟಿಯಲ್ಲಿ ಬರುತ್ತಿತ್ತು. ಡ್ರೈವರುಗಳು ಅವರನ್ನು ಬಾಯಿಸಾಬ್ ಎನ್ನುತ್ತಿದ್ದರು. ಅವರ ಎದುರು ಮಾತಾಡುವಾಗ ಬೀಡಿಯನ್ನು ಬೆನ್ನ ಹಿಂದೆ ಹಿಡಿಯುತ್ತಿದ್ದರು.

ಲಾರಿಗಳ ಜೊತೆ ಬಂದ ಇನ್ನೊಂದು ವಸ್ತು ಹಿತ್ತಿಲಿನ ಶೆಡ್ಡಿನಲ್ಲಿತ್ತು. ಎರಡೇ ಸೀಟಿನ, ತಲೆಯ ಮೇಲೆ ಸೂರಿಲ್ಲದ, ಹಸಿರು ಬಣ್ಣದ ಇಂಗ್ಲಿಷ್ ಸ್ಪೋರ್ಟ್ಸ್ ಕಾರು. ಜಾಗೀರುದಾರರ ಮನೆತನವೊಂದು ಊರು ಬಿಟ್ಟು ಹೋಗುವಾಗ ಅತ್ತೆಯ ಗಂಡ ಅದನ್ನು ಕೊಂಡು, ಲಾರಿಯ ಮೇಲೆ ಹೇರಿಕೊಂಡು ತಂದಿದ್ದರು. ಹೈದರಾಬಾದಿನ ಆಚೆ, ಯುದ್ಧಕಾಲದಲ್ಲಿ ಮಾಡಿ ಬಿಟ್ಟಿದ್ದ ಒಂದು ರನ್‌ವೇ ಮೇಲೆ ವರ್ಷಕ್ಕೊಮ್ಮೆ ಕಾರಿನ ರೇಸ್ ನಡೆಯುತ್ತಿತ್ತು. ಒಮ್ಮೆ ಅಲ್ಲಿ ಓಡಿಸಬೇಕು ಎಂದು ಅವರಿಗೆ ಆಸೆ. ಆಸೆ ತೀರುವ ಮೊದಲು ಅವರು ಹೋದರು. ಗಂಡನ ಬಗ್ಗೆ ಅತ್ತೆ ಮಾತಾಡುತ್ತಿದ್ದುದೇ ಕಡಿಮೆ. “ಒಳ್ಳೆ ಮನುಷ್ಯಾ. ಬ್ರೇಕ್ ಭಾಳ ಹಿಡೀತಿದ್ದ,” ಎಂದು ಒಮ್ಮೆ ಹೇಳಿದ್ದರು. ಅಷ್ಟೇ. ಆದರೆ ಶೆಡ್ಡಿನ ಕೀಲಿಕೈ ಅವರ ಸೊಂಟ ಬಿಟ್ಟು ಇಳಿಯುತ್ತಿರಲಿಲ್ಲ.

ಆ ಶೆಡ್ಡಿನ ಮೇಲೆ ನಮ್ಮ ಮಾವನವರಿಗೆ ಕಣ್ಣಿತ್ತು. ಅವರದು ತೊಗರಿಯ ಅಡತಿ ವ್ಯಾಪಾರ, ಚೀಲ ಇಡಲು ಜಾಗ ಸಾಲುತ್ತಿರಲಿಲ್ಲ. ಒಂದು ಬೇಸಿಗೆಯಲ್ಲಿ ಹೈದರಾಬಾದಿನ ಸಾಹೇಬರೊಬ್ಬರು ಕಾರು ನೋಡಲು ಬಂದರು. ಬಹಳ ಮರ್ಯಾದಸ್ಥರು, ರೇಸ್ ನಡೆಸುವ ಕ್ಲಬ್ಬಿನವರು. ಒಳಗೆ ಕೂತು ಗೇರ್ ರಾಡ್ ಹಿಡಿದು ಅಲುಗಿಸಿದರು. ಅದು ಗಾಳಿಗೆ ಸಿಕ್ಕ ಸಜ್ಜೆಯ ದಂಟಿನ ಹಾಗೆ ಅತ್ತ ಇತ್ತ ಓಲಾಡಿತು. ಅಂಗಳದಲ್ಲಿ ಒಂದು ಸುತ್ತು ಹೊಡೆದರು. ತಿರುವಿನಲ್ಲಿ ಗಾಲಿ ಒಂದು ಕಡೆ, ಕಾರಿನ ಮೈ ಇನ್ನೊಂದು ಕಡೆ ಹೊರಟ ಹಾಗೆ ಕಂಡಿತು. ಕೆಳಗಿಳಿದು ಉರ್ದುವಿನಲ್ಲಿ ಮೆತ್ತಗೆ ಹೇಳಿದರು, ಇದರ ರೇಸಿನ ಕಾಲ ಮುಗಿಯಿತು, ನನಗೆ ಕೊಟ್ಟರೆ ಬಣ್ಣ ಹೊಡೆಸಿ ಬಂಗಲೆಯ ಮುಂದೆ ಚೆಂದಕ್ಕೆ ನಿಲ್ಲಿಸುತ್ತೇನೆ ಎಂದು.

ಮಾವನವರು ತಂಗಿಯ ಕಡೆ ತಿರುಗಿದರು. “ಕೇಳ್ದೆಲ್ಲೊ? ಆ ಗೇರಿನ್ಯಾಗ ಮಜ್ಜಿಗಿ ಕಡೀಬೇಕು, ಮತ್ತೇನೂ ಆಗಂಗಿಲ್ಲ. ಕೊಟ್ಟುಬಿಡು.”

“ಓಡ್ತದ,” ಎಂದರು ಅತ್ತೆ.

“ಎಲ್ಲಿ ಓಡ್ತದ? ಹಿತ್ಲದಾಗ?”

“ಅವರು ಓಡಿಸ್ಬೇಕಂತಿದ್ದಲ್ಲಿ.”

ಮಾವನವರು ಕಠಿಣರೇ ಹೊರತು ಕೆಟ್ಟವರಲ್ಲ. ಮೀಸೆ ತೀಡಿ ತೀರ್ಪು ಕೊಟ್ಟರು. “ಹಂಗಾದ್ರ ಕೇಳು. ಬರೋ ಸಲ ಅಲ್ಲಿ ಎಲ್ಲಾರ ಜೋಡಿ ಓಡಬೇಕು, ಓಡಿ ತಾನಾಗೇ ಈ ಅಂಗಳಕ್ಕ ವಾಪಸ್ ಬರಬೇಕು. ಹಗ್ಗ ಹಾಕಿ ಎಳ್ಯಾಂಗಿಲ್ಲ, ಹಿಂದಿಂದ ನೂಕಾಂಗಿಲ್ಲ, ಲಾರಿ ಮ್ಯಾಲೆ ಹೇರಾಂಗಿಲ್ಲ. ಬಂದ್ರ ಗಾಡಿನೂ ನಿಂದು, ಶೆಡ್ಡೂ ನಿಂದು, ನಾ ಮತ್ತ ಬಾಯಿ ಬಿಚ್ಚಂಗಿಲ್ಲ. ಇಲ್ಲಂದ್ರ ಸಾಹೇಬ್ರಿಗಿ ಕೊಡು.”

“ಆತು,” ಎಂದರು ಅತ್ತೆ, ಮೂಗು ತಿಕ್ಕಿಕೊಳ್ಳುತ್ತ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳಬೇಕು. ಅಮಾವಾಸ್ಯೆಯ ದಿನ ನಮ್ಮಲ್ಲಿ ಎತ್ತು ಹೂಡುವುದಿಲ್ಲ. ಅಂದು ಎತ್ತಿನ ಗಾಡಿಯ ಗಾಲಿ ಕಳಚಿ ಅಚ್ಚಿಗೆ ಕೀಲೆಣ್ಣೆ ಹಾಕುತ್ತಾರೆ. ಲಾರಿ ಬಂದ ಮೇಲೆ ಆ ಕೀಲೆಣ್ಣೆಯೂ ಲಾರಿಯದೇ ಆಯಿತು. ಇಂಜಿನ್ನಿನಿಂದ ಇಳಿಸಿದ ಹಳೆಯ ಆಯಿಲ್‌ಗೆ ಹುಲ್ಲಿನ ಬೂದಿ ಕಲಸಿದರೆ ಮುಗಿಯಿತು. ಅತ್ತೆ ಒಕ್ಕಲುತನದ ಮನೆಯಲ್ಲಿ ಹುಟ್ಟಿದವರು. ಗಾಡಿ ಅಂದ ಮೇಲೆ ಗಾಡಿಯೇ. ಹಾಗಾಗಿ ಪ್ರತಿ ಅಮಾವಾಸ್ಯೆಗೂ ಆ ಹಸಿರು ಕಾರಿನ ಕೆಳಗೆ ಮಲಗಿ, ಎಲ್ಲೆಲ್ಲಿ ಎರಡು ಕಬ್ಬಿಣ ಕೂಡುತ್ತವೋ ಅಲ್ಲೆಲ್ಲ ಕೋಳಿಯ ಪುಕ್ಕದಿಂದ ಕೀಲೆಣ್ಣೆ ಸವರುತ್ತಿದ್ದರು. ಗಂಡ ಹೋದಾಗಿನಿಂದ ಒಂದು ಅಮಾವಾಸ್ಯೆಯೂ ತಪ್ಪಿಸಿರಲಿಲ್ಲ. ಬೇರೆಯವರು ಸಮಾಧಿಗೆ ಹೋಗಿ ಪತ್ರಿ ಏರಿಸುವ ಹಾಗೆ.

ಕಾರನ್ನು ಬಿಚ್ಚುವ ಕೆಲಸ ಶುರುವಾದಾಗ ನನ್ನನ್ನು ಪಾನಾ, ಎಂದರೆ ಸ್ಪ್ಯಾನರು, ಎತ್ತಿಕೊಡಲು ಕೂರಿಸಿಕೊಂಡರು. ಎರಡು ಕಬ್ಬಿಣದ ತುಂಡುಗಳು ಒಂದಕ್ಕೊಂದು ತಿಕ್ಕದಂತೆ ನಡುವೆ ಬಳೆಯಂಥದೊಂದು ತುಂಡು ಕೂರಿಸಿರುತ್ತಾರೆ. ಅದಕ್ಕೆ ಬುಷ್ ಎನ್ನುತ್ತಾರೆ. ಗಾಲಿಯ ತೋಳುಗಳಲ್ಲೂ ಗೇರ್ ರಾಡಿನ ಬುಡದಲ್ಲೂ ಅಂಥ ರಬ್ಬರಿನ ಬುಷ್‌ಗಳಿದ್ದವು. ಅತ್ತೆ ಒಂದೊಂದನ್ನೇ ತೆಗೆದು ನನ್ನ ತಟ್ಟೆಗೆ ಹಾಕಿದರು. ಒಂದೂ ರಬ್ಬರಿನ ಹಾಗಿರಲಿಲ್ಲ. ಉಬ್ಬಿ, ಮೆತ್ತಗಾಗಿ, ಹಳೆಯ ಖರ್ಜೂರದ ಹಾಗೆ ಬೆರಳಿಗೆ ಅಂಟುತ್ತಿದ್ದವು.

“ಇಷ್ಟು ಜೋಪಾನ ಮಾಡೀನಿ, ಹೆಂಗ ಹಾಳಾಗ್ಯಾವ ನೋಡು,” ಎಂದರು. ಅವರ ದನಿಯಲ್ಲಿ ನಿಜವಾದ ಸಂಕಟ ಇತ್ತು.

ನನಗೆ ಗೊತ್ತಿತ್ತು. ಕಾನ್ವೆಂಟಿನಲ್ಲಿ ಕೆಮಿಸ್ಟ್ರಿ ಕಲಿಸುತ್ತಿದ್ದ ಐರಿಷ್ ಸಿಸ್ಟರ್ ಬಲೂನಿನ ಒಂದು ಚೂರನ್ನು ಮೆಷಿನ್ ಆಯಿಲ್‌ನಲ್ಲಿ ಹಾಕಿಟ್ಟು, ಮರುದಿನ ಕಡ್ಡಿಯಿಂದ ಎತ್ತಿ ತೋರಿಸಿದ್ದರು. “ಆಯಿಲ್ ಈಸ್ ಡೆತ್ ಟು ರಬ್ಬರ್, ಗರ್ಲ್ಸ್.” ಆದರೆ ಅದನ್ನು ಅತ್ತೆಗೆ ಹೇಗೆ ಹೇಳಲಿ? ಇದು ಅಜಾಗರೂಕತೆಯಿಂದ ಆದ ಹಾಳಲ್ಲ, ಪ್ರೀತಿಯಿಂದ ಆದ ಹಾಳು. ಅದನ್ನು ಬಿಚ್ಚಿ ಹೇಳಬೇಕಾದವಳು ಬಂದು ಇನ್ನೂ ವರ್ಷ ತುಂಬದ ಸೊಸೆ, ಕೇಳಬೇಕಾದವರು ಜಿಲ್ಲೆಯ ಲಾರಿ ಡ್ರೈವರುಗಳೆಲ್ಲ ಹೆದರುವ ಹೆಂಗಸು.

“ಅತ್ತೀ, ಎಣ್ಣಿ ಹತ್ತಿದ್ರ ರಬ್ಬರ್ ಹಿಂಗೇ ಆಗ್ತದರಿ,” ಎಂದುಬಿಟ್ಟೆ.

ಪಾನಾ ಹಿಡಿದ ಕೈ ನಿಂತಿತು. “ಯಾ ಎಣ್ಣಿ?”

“ಕೀಲೆಣ್ಣಿ.”

ಅವರು ಎದ್ದು ಹೋಗಿ ಲಾರಿಯ ಹಳೆಯ ಟ್ಯೂಬಿನಿಂದ ಒಂದು ಚೂರು ಕತ್ತರಿಸಿ, ಕೀಲೆಣ್ಣೆಯ ಡಬ್ಬಿಯಲ್ಲಿ ಹಾಕಿ ಮುಚ್ಚಿಟ್ಟರು. ಕೆಲವು ದಿನ ನನ್ನ ಜೊತೆ ಮಾತಿಲ್ಲ. ರೊಟ್ಟಿ ಮಾತ್ರ ಬಿಸಿಯಾಗಿ ನನ್ನ ತಟ್ಟೆಗೇ ಮೊದಲು ಬೀಳುತ್ತಿತ್ತು, ಅದರ ಅರ್ಥ ನನಗೆ ಆಗ ತಿಳಿಯಲಿಲ್ಲ. ಒಂದು ಮುಂಜಾನೆ ಡಬ್ಬಿಯ ಮುಚ್ಚಳ ತೆಗೆದು ಆ ಚೂರನ್ನು ಹಿಸುಕಿ ನೋಡಿದರು. ಆಮೇಲೆ ಅದನ್ನು ಹಿಡಿದುಕೊಂಡೇ ಅಂಗಳಕ್ಕೆ ಹೋದರು. ಮಾವನವರು ಹಲ್ಲುಜ್ಜುತ್ತಿದ್ದರು, ಡ್ರೈವರುಗಳು ಚಹಾ ಕುಡಿಯುತ್ತಿದ್ದರು.

“ಎಲ್ಲಾರೂ ಕೇಳ್ರಿ. ಕಾರು ಹಾಳು ಮಾಡಿದಾಕಿ ನಾನೇ. ರಬ್ಬರಿಗಿ ಕೀಲೆಣ್ಣಿ ಹಾಕ್ಬಾರ್ದು. ನನಗ ಮಾಲೂಮ್ ಇರ್ಲಿಲ್ಲ, ನಮ್ಮ ಸೊಸಿಗಿ ಮಾಲೂಮ್ ಅದ. ಇನ್ಮ್ಯಾಲೆ ಯಾರರ ಲಾರಿಯ ರಬ್ಬರಿಗಿ ಎಣ್ಣಿ ಸವರಿದ್ರ ಕೈ ಮುರೀತೀನಿ.”

ತಪ್ಪನ್ನು ಒಪ್ಪಿಕೊಳ್ಳುವುದೂ ಗದರಿಸುವುದೂ ಒಂದೇ ಉಸಿರಿನಲ್ಲಿ. ಹಳೆಯ ಡ್ರೈವರೊಬ್ಬ ಚಹಾದ ಕಪ್ಪು ಹಿಡಿದು ನಗು ತಡೆಯಲು ಒದ್ದಾಡುತ್ತಿದ್ದ. ನಾನು ಎಷ್ಟೋ ದೊಡ್ಡವರನ್ನು ನೋಡಿದ್ದೇನೆ, ಡಿಗ್ರಿ ಇದ್ದವರನ್ನೂ ಅಧಿಕಾರ ಇದ್ದವರನ್ನೂ. ತಮ್ಮ ತಪ್ಪನ್ನು ಹಾಗೆ ತಲೆಯೆತ್ತಿ, ನಾಲ್ಕು ಜನರ ನಡುವೆ ಹೇಳಿದವರನ್ನು ಮತ್ತೆ ನೋಡಿಲ್ಲ.

ಹೊಸ ರಬ್ಬರು ಸಿಗುವ ಹಾಗಿರಲಿಲ್ಲ, ಕಾರು ಹುಟ್ಟಿದ ದೇಶದಿಂದಲೇ ಬರಬೇಕು. ಅತ್ತೆ ತಾಂಡೂರಿಗೆ ಹೊರಟರು, ನನ್ನನ್ನೂ ಕರೆದುಕೊಂಡು. ಅಲ್ಲಿ ಹಾಸುಗಲ್ಲು ನುಣುಪು ಮಾಡುವ ಮೆಷಿನ್‌ಗಳಿಗೆ ಬಿಡಿಭಾಗ ಕಡೆದು ಕೊಡುವ ಲೇತಿನ ಉಸ್ತಾದ್ ಒಬ್ಬ ಇದ್ದ. ಮೈತುಂಬ ಕಲ್ಲಿನ ಧೂಳು, ಬಾಯಲ್ಲಿ ಸದಾ ಪಾನು. ಅತ್ತೆ ಅವನ ಮುಂದೆ ಆ ಖರ್ಜೂರಗಳನ್ನು ಸುರಿದು, ಇದೇ ಅಳತೆಯಲ್ಲಿ ಕಂಚಿನ ಬುಷ್ ಬೇಕು ಎಂದರು.

“ಕಂಚು ಹಾಕಿದ್ರ ಕೂಡೋರ ಗತಿ ಏನ್ರಿ ಬಾಯಿಸಾಬ್? ರಸ್ತಾದಾಗಿನ ಎಲ್ಲಾ ಕಲ್ಲೂ ಸೊಂಟಕ್ಕೇ ಹತ್ತತಾವ,” ಎಂದ ಉಸ್ತಾದ್.

“ಹತ್ತಲಿ. ಮೆತ್ತಗ ಕೂಡಬೇಕಂದ್ರ ಮನ್ಯಾಗ ಗಾದಿ ಅದ. ನನಗ ತಿರುವಿನ್ಯಾಗ ಗಾಲಿ ಎಲ್ಲಿ ಅದ ಅಂತ ತಿಳೀಬೇಕು.”

ಆ ಒಂದು ಮಾತಿನಲ್ಲಿ ರೇಸಿನ ಕಾರಿಗೂ ರಸ್ತೆಯ ಕಾರಿಗೂ ಇರುವ ಫರಕು ಪೂರಾ ಬಂದುಬಿಟ್ಟಿತ್ತು ಎಂದು ಮುಂದೆ ಆ ಸಾಹೇಬರೇ ನನಗೆ ಹೇಳಿದರು. ಇನ್ನೊಂದು ಸಂತೋಷವೂ ಕಾದಿತ್ತು. ಕಂಚಿಗೆ ಎಣ್ಣೆ ಬೇಕೇ ಬೇಕು. ಉಸ್ತಾದ್ ಪ್ರತಿ ಬುಷ್‌ನಲ್ಲೂ ಎಣ್ಣೆ ಇಳಿಯಲು ಸಣ್ಣ ತೂತು ಕೊರೆದಿದ್ದ. ಅತ್ತೆ ಅದನ್ನು ಕಣ್ಣಿಗೆ ಹಿಡಿದು ಆ ಕಡೆಯ ಬೆಳಕನ್ನು ನೋಡಿ, “ಈಗ ಹಾಕಬಹುದಿಲ್ಲೊ?” ಎಂದು ನನ್ನನ್ನು ಕೇಳಿದರು. ನಿಜವಾಗಿಯೂ ಪರ್ಮಿಷನ್ ಕೇಳಿದರು. “ಹಾಕ್ರಿ ಅತ್ತೀ,” ಎಂದೆ. ಅಮಾವಾಸ್ಯೆಗಳು ಅವರಿಗೆ ವಾಪಸ್ ಸಿಕ್ಕವು.

ಗೇರಿನದು ಬೇರೆಯೇ ಕಷ್ಟ. ನಮ್ಮ ಕಾರುಗಳಲ್ಲಿ ಗೇರ್ ಹಾಕುವುದು ಎಡಗೈ. ಅತ್ತೆಯ ಎಡಭುಜ ಹಿಂದೊಮ್ಮೆ ಲಾರಿಯ ಇಂಜಿನ್ ಚಾಲೂ ಮಾಡಲು ಹ್ಯಾಂಡಲ್ ಹೊಡೆಯುವಾಗ ಅದು ತಿರುಗಿ ಬಡಿದು ಮುರಿದಿತ್ತು. ಕೂಡಿಕೊಂಡಿತ್ತು, ಆದರೆ ತೋಳು ಪೂರ್ತಿ ಮುಂದಕ್ಕೆ ಚಾಚುತ್ತಿರಲಿಲ್ಲ. ಆ ಕಾರಿನ ರಾಡು ಉದ್ದ, ಅದರ ಓಟವೂ ದೂರ. ಮೂರನೆಯ ಗೇರಿಗೆ ಅತ್ತೆ ಮೈಯನ್ನೇ ಮುಂದಕ್ಕೆ ಬಗ್ಗಿಸಬೇಕು, ಬಗ್ಗಿದಾಗ ರಸ್ತೆ ಕಾಣುವುದಿಲ್ಲ. ಜೋರಾಗಿ ಓಡುವಾಗ ಹಾಗೆ ಮಾಡಿದರೆ ಮುಗಿಯಿತು.

ಅವರಿಗೆ ಉಪಾಯ ಹೊಳೆದದ್ದು ಅಡಿಗೆಮನೆಯಲ್ಲಿ. ಬೇಳೆಯ ಸೌಟನ್ನು ಎರಡು ಬೆರಳಲ್ಲಿ ಹಿಡಿದು ತೂಗಾಡಿಸುತ್ತ ನನ್ನನ್ನು ಕರೆದರು. ಬೆರಳು ಸೌಟಿನ ಬುಡದ ಹತ್ತಿರ ಇದ್ದಾಗ ಹಿಡಿಯ ತುದಿ ಅಷ್ಟು ದೂರ ಹೋದರೂ ಬುಡ ಇಷ್ಟೇ ಅಲುಗುತ್ತಿತ್ತು. ಬೆರಳನ್ನು ಮೇಲಕ್ಕೆ ಸರಿಸಿದಾಗ ಹಿಡಿ ಸ್ವಲ್ಪ ಅಲುಗಿದರೂ ಬುಡ ದೂರ ಹೋಗುತ್ತಿತ್ತು. “ರಾಡಿನ ಮ್ಯಾಲಿಂದು ಕೊಯ್ಯೋದು, ಕೆಳಗಿಂದು ಬೆಳಸೋದು. ಕೈ ಹೋಗೋದು ಕಮ್ಮಿ ಆಗ್ತದ.”

“ಬಿಗಿ ಆಗಂಗಿಲ್ಲೇನ್ರಿ?”

“ಆಗ್ತದ. ಭುಜ ಹೋಗ್ಯಾದ, ಮಣಿಕಟ್ಟು ಹೋಗಿಲ್ಲ. ಜೋಳದ ಹಿಟ್ಟು ನಾದಿದ ಕೈ ಅದ ಇದು.”

ರಾಡನ್ನು ಕತ್ತರಿಸಿ, ಕೆಳಗಿನ ಭಾಗಕ್ಕೆ ತುಂಡು ಬೆಸೆದು, ಅದು ತಿರುಗುವ ಗುಂಡಿಗೆ ಕಂಚಿನ ಬುಷ್ ಕೂರಿಸಿದರು. ಎಷ್ಟು ಗಿಡ್ಡ ಮಾಡಬೇಕು ಎಂದು ತಿಳಿಯಲು ಅವರು ಹುಡುಕಿದ ಕ್ರಮವನ್ನು ಯಾವ ಇಂಜಿನಿಯರಿಂಗ್ ಕಾಲೇಜಿನಲ್ಲೂ ಕಲಿಸುವುದಿಲ್ಲ. ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸುತ್ತಿದ್ದರು. ನನ್ನ ಎಡಗೈಯಲ್ಲಿ ಮದುವೆಯ ಹಸಿರು ಗಾಜಿನ ಬಳೆಗಳು ತುಂಬಿದ್ದವು. “ಎಲ್ಡರಿಂದ ಮೂರಕ್ಕ ಹಾಕು,” ಎಂದು ಕಣ್ಣು ಮುಚ್ಚಿ ನಿಲ್ಲುವರು. ತೋಳು ಚಾಚಿದರೆ ಬಳೆಗಳು ಜಾರಿ ಝಲ್ಲೆನ್ನುತ್ತವೆ, ಬರೀ ಮಣಿಕಟ್ಟು ತಿರುಗಿದರೆ ಸದ್ದಿಲ್ಲ. “ಇನ್ನಾ ಸಪ್ಪಳ ಬರ್ತದ. ಇಳಿ,” ಎಂದು ರಾಡನ್ನು ಮತ್ತೆ ಬಿಚ್ಚುವರು. ಒಮ್ಮೆ ತೀರ ಗಿಡ್ಡವಾಗಿ, ನಾನು ಎರಡು ಕೈ ಹಾಕಿದರೂ ಗೇರ್ ಬೀಳಲಿಲ್ಲ. ಮತ್ತೆ ಸ್ವಲ್ಪ ಬೆಳೆಸಿದರು. ಹೀಗೆ ನಡೆದು ನಡೆದು ಒಂದು ಮಧ್ಯಾಹ್ನ ನಾನು ಎರಡರಿಂದ ಮೂರಕ್ಕೆ ಹಾಕಿದೆ. ಟಕ್ ಎಂದು, ಪೆಟ್ಟಿಗೆಯ ಚಿಲಕ ಬಿದ್ದ ಹಾಗೆ. ಬಳೆ ಸುಮ್ಮನಿದ್ದವು. ಅತ್ತೆ ಕಣ್ಣು ತೆರೆಯದೆ, “ಹಾಕಿದೇನು?” ಎಂದರು.

“ಹಾಕಿದೆರಿ.”

“ಮತ್ತೊಮ್ಮಿ.”

ಆ ಹೊತ್ತಿನ ಅವರ ಮುಖವನ್ನು ಬರೆಯಲು ನನ್ನಲ್ಲಿ ಮಾತಿಲ್ಲ, ಇಂಗ್ಲಿಷಿನಲ್ಲೂ ಇಲ್ಲ.

ರೇಸಿನ ದಿನ ನಾವು ಲಾರಿಯಲ್ಲಿ, ಅತ್ತೆ ಕಾರಿನಲ್ಲಿ ಹೊರಟೆವು. ನಾವೆಂದರೆ ನನ್ನ ಗಂಡ, ನಾನು ಮತ್ತು ಲಾರಿ ಓಡಿಸುತ್ತಿದ್ದ ಅದೇ ಹಳೆಯ ಡ್ರೈವರ್. ಮಾವನವರು ಬರಲಿಲ್ಲ. ಬಾಗಿಲಲ್ಲಿ ನಿಂತು, “ನೂಕಾಂಗಿಲ್ಲ ಮತ್ತ,” ಎಂದು ನೆನಪಿಸಿದರು. ಬಯಲಿನಲ್ಲಿ ಸುಣ್ಣದ ಗೆರೆ, ತಿರುವುಗಳಿಗೆ ಖಾಲಿ ಡ್ರಮ್ಮುಗಳು. ಟೋಪಿ ಹಾಕಿದ ಸಾಹೇಬರುಗಳು, ಛತ್ರಿ ಹಿಡಿದ ಮೇಡಮ್ಮುಗಳು. ಹೆಸರು ಬರೆದುಕೊಳ್ಳುತ್ತಿದ್ದ ಯುವಕ ಅತ್ತೆಯ ಇಳಕಲ್ ಸೀರೆಯ ಹಿಂದೆ ಯಾರನ್ನೋ ಹುಡುಕಿದ.

“ಡ್ರೈವರ್ ಕೌನ್ ಹೈ, ಅಮ್ಮಾ?”

“ಮೈಚ್ ಹೂಂ,” ಎಂದರು ಅತ್ತೆ ನಮ್ಮ ದಖನಿಯಲ್ಲಿ, ನಾನೇ ಎಂದು. ಲಾರಿಯ ಲೈಸನ್ಸ್ ತೆಗೆದು ಮೇಜಿನ ಮೇಲಿಟ್ಟರು. ಅವನು ಕಾರು ನೋಡಲು ಬಂದಿದ್ದ ಆ ಸಾಹೇಬರ ಕಡೆ ನೋಡಿದ. ಅವರು ತಲೆಯಾಡಿಸಿದರು.

ಕ್ಲಬ್ಬಿನವರು ಕೊಟ್ಟ ಹೆಲ್ಮೆಟ್ ತುರುಬಿನ ಮೇಲೆ ಕೂರಲಿಲ್ಲ. ನಾನು ಅವರ ತುರುಬು ಬಿಚ್ಚಿ, ಲಾರಿಯ ಮರೆಯಲ್ಲಿ ಶಾಲೆಯ ಹುಡುಗಿಗೆ ಹಾಕುವ ಹಾಗೆ ಬಿಗಿಯಾಗಿ ಜಡೆ ಹಾಕಿದೆ.

ಬಾವುಟ ಬಿತ್ತು. ನೇರ ದಾರಿಯಲ್ಲಿ ದೊಡ್ಡ ಇಂಜಿನ್ನಿನವರು ನಮ್ಮ ಹಸಿರು ಕಾರನ್ನು ಸುಲಭವಾಗಿ ಹಿಂದಿಕ್ಕುತ್ತಿದ್ದರು. ಆದರೆ ತಿರುವು ಬಂದಾಗ ಅವರ ಕಾರುಗಳು ತೂಗಿ, ಅಗಲವಾಗಿ ಹೋಗಿ, ಡ್ರಮ್ಮುಗಳನ್ನು ಉರುಳಿಸುತ್ತಿದ್ದವು. ಅತ್ತೆ ಒಳಗಿನ ಗೆರೆಗೆ ಅಂಟಿಕೊಂಡು, ದಾರದಲ್ಲಿ ಕಟ್ಟಿದ ಹಾಗೆ ತಿರುಗಿ ಹೊರಬರುತ್ತಿದ್ದರು. ತಲೆ ಒಮ್ಮೆಯೂ ಬಗ್ಗಲಿಲ್ಲ. ಪಕ್ಕದ ಮೇಡಂ ಒಬ್ಬರು, “ಹೂ ಈಸ್ ದಟ್ ವುಮನ್?” ಎಂದು ಕೇಳಿದರು. “ದಟ್ ಈಸ್ ಮೈ ಆಂಟ್,” ಎಂದೆ. ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ನಾನು ಆಡಿದ ಅತ್ಯುತ್ತಮ ವಾಕ್ಯ ಅದೇ ಎಂದು ಈಗಲೂ ಅನಿಸುತ್ತದೆ.

ಅರ್ಧ ಓಟ ಮುಗಿದಿರಬೇಕು. ಹಳೆಯ ಡ್ರೈವರ್ ಕಿವಿ ಒಡ್ಡಿ ನಿಂತವನು ನನ್ನ ಕಡೆ ಬಗ್ಗಿದ. “ಬೇಟಿ, ಕೇಳ್ರಿ. ಗೇರ್ ಬದಲಿ ಆಗೋ ಮುಂದ ಇಂಜಿನ್ ಒಮ್ಮಿ ಹಾಡ್ತದ ನೋಡ್ರಿ. ಕ್ಲಚ್ ಹೋಗ್ಯಾದ. ಬಾಯಿಸಾಬ್ ಕ್ಲಚ್ ಇಲ್ದೇ ಹಾಕ್ಲತ್ತಾರ.”

ಹಳೆಯ ಲಾರಿಗಳಲ್ಲಿ ಪಳಗಿದವರಿಗೆ ಅದು ಬರುತ್ತದೆ. ಇಂಜಿನ್ನಿನ ವೇಗವನ್ನು ಕಿವಿಯಿಂದಲೇ ಹೊಂದಿಸಿ, ಹಲ್ಲಿಗೆ ಹಲ್ಲು ಕೂಡುವ ಕ್ಷಣದಲ್ಲಿ ರಾಡನ್ನು ತಳ್ಳಬೇಕು. ಓಲಾಡುವ ಹಳೆಯ ರಾಡಾಗಿದ್ದರೆ ಅದು ಸಾಧ್ಯವೇ ಇರಲಿಲ್ಲ. ಈಗ ಅದು ಕೈ ಹೇಳಿದಲ್ಲಿಗೆ ನೆಟ್ಟಗೆ ಹೋಗುತ್ತಿತ್ತು. ಆದರೆ ಹಾಗೆ ಮಾಡಬಹುದಾದದ್ದು ಗಾಡಿ ಓಡುತ್ತಿರುವ ತನಕ ಮಾತ್ರ. ಒಮ್ಮೆ ನಿಂತರೆ, ಕ್ಲಚ್ ಇಲ್ಲದ ಗಾಡಿಯನ್ನು ಮತ್ತೆ ಹೊರಡಿಸಲು ಯಾರಾದರೂ ನೂಕಲೇಬೇಕು. ಆ ಕಾರಿನ ಸೆಲ್ಫ್ ಸ್ಟಾರ್ಟರಿಗೆ ಅಷ್ಟು ಬಲವಿರಲಿಲ್ಲ. ನೂಕಿದರೆ ಮಾವನವರ ಮಾತಿನ ಪ್ರಕಾರ ಕಾರು ಸಾಹೇಬರದು.

ಗೆದ್ದವರು ಬೇರೆ ಯಾರೋ. ಅತ್ತೆ ನಡುವೆ ಎಲ್ಲೋ ಗುರಿ ಮುಟ್ಟಿದರು. ಎಲ್ಲ ಕಾರುಗಳೂ ಬಂದು ಸಾಲಾಗಿ ನಿಂತವು. ಅತ್ತೆಯದು ನಿಲ್ಲಲಿಲ್ಲ. ಚಪ್ಪಾಳೆ ತಟ್ಟುತ್ತಿದ್ದವರ ಮುಂದೆ ನಿಧಾನವಾಗಿ ಸಾಗುತ್ತ ನಮ್ಮ ಕಡೆ ಕೂಗಿದರು. “ನಾ ಮನೀಗಿ ಹೊಂಟೀನಿ. ಹಿಂದ ಬರ್ರಿ.” ಹಾಗೆಯೇ ಗೇಟು ದಾಟಿ ಹೊರಟೇಹೋದರು. ಹೆಸರು ಬರೆದುಕೊಂಡ ಯುವಕ ಹೆಲ್ಮೆಟ್ ವಾಪಸ್ ಕೇಳುತ್ತ ಸ್ವಲ್ಪ ದೂರ ಓಡಿದ.

ನಾವು ಲಾರಿ ಹತ್ತಿ ಬೆನ್ನು ಹತ್ತಿದೆವು. ದೂರದಲ್ಲಿ ಆ ಹಸಿರು ಚುಕ್ಕೆ ಎತ್ತಿನ ಗಾಡಿಗಳನ್ನು, ಬಸ್ಸುಗಳನ್ನು ಬಳಸಿಕೊಂಡು ಸಾಗುತ್ತಿತ್ತು. ಸಂತೆ ಇದ್ದ ಊರಿನಲ್ಲಿ ಹಾರ್ನ್ ಬಿಡದೆ ಒತ್ತಿಕೊಂಡು ದಾಟಿದರು. ನನಗಿದ್ದ ಭಯ ಒಂದೇ. ನಮ್ಮ ಊರಿಗೆ ಮುಂಚೆ ಒಂದು ರೈಲ್ವೆ ಗೇಟು ಇತ್ತು.

ನಾವು ಹತ್ತಿರ ಬಂದಾಗ ಗೇಟು ಬಿದ್ದಿತ್ತು. ರಸ್ತೆಯ ಮೇಲೆ ಬಸ್ಸು, ಗಾಡಿ, ಸೈಕಲ್ಲುಗಳ ಸಾಲು. ಹಸಿರು ಕಾರು ಅಲ್ಲಿರಲಿಲ್ಲ. ನನ್ನ ಗಂಡ ಕೈ ತೋರಿಸಿದರು. ರಸ್ತೆಯ ಪಕ್ಕದಲ್ಲಿ, ಜೋಳ ಕೊಯ್ದು ಬಿಟ್ಟಿದ್ದ ಬಯಲಿನಲ್ಲಿ, ಧೂಳಿನ ಮೋಡದ ನಡುವೆ ಅತ್ತೆ ಗುಂಡಗೆ ಸುತ್ತು ಹೊಡೆಯುತ್ತಿದ್ದರು. ತಲೆಯ ಮೇಲೆ ಇನ್ನೂ ಆ ಬಿಳಿ ಹೆಲ್ಮೆಟ್. ಬಸ್ಸಿನ ಜನ ಇಳಿದು ನಿಂತು ನೋಡುತ್ತಿದ್ದರು.

“ಏನ್ ಮಾಡ್ಲತ್ತೀರವ್ವಾ?” ಎಂದು ಗಾಡಿಯವನೊಬ್ಬ ಕೂಗಿ ಕೇಳಿದ.

“ರಾಶಿ ಮಾಡ್ಲತ್ತೀನಿ,” ಎಂದು ಒಂದು ಸುತ್ತಿನಲ್ಲಿ ಅಂದು, ಮುಂದಿನ ಸುತ್ತಿನಲ್ಲಿ, “ಕಾಳು ನಿನಗ, ಹೊಟ್ಟು ನನಗ,” ಎಂದು ಮುಗಿಸಿದರು. ರಾಶಿಯ ಕಣದಲ್ಲಿ ತೆನೆ ತುಳಿಯುತ್ತ ಎತ್ತು ಸುತ್ತುವ ಹಾಗೆಯೇ ಇತ್ತು. ಜನ ಬಿದ್ದು ಬಿದ್ದು ನಕ್ಕರು. ಗೂಡ್ಸ್ ರೈಲು ಎಷ್ಟು ಉದ್ದ ಇರಬಹುದು ಎಂಬುದು ನನಗೆ ಅಂದು ತಿಳಿಯಿತು. ಗೇಟು ಎತ್ತಿದಾಗ ಬಸ್ಸಿನವನು ತಾನೇ ತಡೆದು ನಿಂತು ಅವರಿಗೆ ದಾರಿ ಬಿಟ್ಟ.

ಅಂಗಳಕ್ಕೆ ನಾವು ಬರುವ ಹೊತ್ತಿಗೆ ಕಾರು ನಿಂತಿತ್ತು. ಇಂಜಿನ್ ಆರಿತ್ತು. ಅತ್ತೆ ಇಳಿದಿರಲಿಲ್ಲ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಮಾವನವರು ಕಾರನ್ನು ಒಂದು ಸುತ್ತು ಹಾಕಿ, ಹಿಂದೆ ಬಗ್ಗಿ ಧೂಳಿನ ಮೇಲೆ ಕೈಯ ಗುರುತು ಇದೆಯೋ ಎಂದು ನೋಡಿದರು.

“ಯಾರರ ನೂಕಿದ್ರೇನು?”

“ನನಗ್ಯಾಕ ಕೇಳ್ತಿ? ನಿನ್ನ ಸೊಸಿಗಿ ಕೇಳು. ಆಕಿ ಸುಳ್ಳು ಹೇಳಂಗಿಲ್ಲ.”

ಮಾವನವರ ಎದುರು ನಾನು ಅಲ್ಲಿಯವರೆಗೆ ತಲೆಯೆತ್ತಿ ಮಾತಾಡಿದವಳಲ್ಲ. ಅಂದು ಸೆರಗು ಸರಿಮಾಡಿಕೊಂಡು, ಕ್ಲಚ್ ಹೋದದ್ದು, ಗೇಟು ಬಿದ್ದದ್ದು, ಜೋಳದ ಬಯಲಿನ ಸುತ್ತು, ಎಲ್ಲವನ್ನೂ ಹೇಳಿದೆ. ಯಾರ ಬೆರಳೂ ತಾಗಿಲ್ಲ ಎಂದೆ. ಅವರು ಒಳಗೆ ಹೋಗಿ ಒಂದು ಚೊಂಬು ನೀರು ತಂದು, ತಂಗಿಯ ಕೈಗೆ ಕೊಟ್ಟರು. ಆ ಮನೆಯಲ್ಲಿ ಅವರು ಯಾರಿಗೂ ನೀರು ತಂದುಕೊಟ್ಟದ್ದನ್ನು ನಾನು ನೋಡಿರಲಿಲ್ಲ.

“ಗೋದಾಮು ಬ್ಯಾರೆ ಕಡಿ ಕಟ್ಟೋಣು,” ಎಂದರು.

ಕೆಲವು ದಿನ ಕಳೆದು ಆ ಸಾಹೇಬರು ಬಂದರು, ಕೊಳ್ಳಲು ಅಲ್ಲ, ಹೆಲ್ಮೆಟ್ ಒಯ್ಯಲು. ಕಾರಿನಲ್ಲಿ ಕೂತು ಗಿಡ್ಡ ರಾಡನ್ನು ಹಾಕಿ ತೆಗೆದು, ಹಾಕಿ ತೆಗೆದು, ತಮ್ಮ ಕಾರಿಗೂ ಇಂಥದೊಂದು ಮಾಡಿಸಿಕೊಡಬೇಕು ಎಂದು ಕೇಳಿದರು. ಅತ್ತೆಗೆ ಆಶ್ಚರ್ಯ. “ನಿಮ್ಮ ಕೈ ಚಾಚ್ತದಲ್ರಿ ಸಾಹೇಬ್ರೆ, ನಿಮಗ್ಯಾಕ?” ಎಂದರು. ಆದರೂ ಮಾಡಿಸಿಕೊಟ್ಟರು.

ಮುಂದೆ ಅದೇ ಕಾರಿನಲ್ಲಿ ನನಗೆ ಡ್ರೈವಿಂಗ್ ಕಲಿಸಿದರು. ಅದರಲ್ಲೇ ನಾನು ದಿನವೂ ಹೈಸ್ಕೂಲಿಗೆ ಹೋಗಿ, ತೊಗರಿ ಹೊಲಗಳ ನಡುವಿನಿಂದ ಬರುತ್ತಿದ್ದ ಹುಡುಗಿಯರಿಗೆ ಕೆಮಿಸ್ಟ್ರಿ ಕಲಿಸಿದೆ. ಸೊಸೆ ಬಸ್ಸಿನಲ್ಲಿ ನಿಂತು ಹೋಗುವುದು ಮನೆತನಕ್ಕೆ ಸಲ್ಲದು ಎಂದು ಮಾವನವರು ಅಡ್ಡ ಬಂದಿದ್ದ ಕೆಲಸ ಅದು. ಅತ್ತೆ ವಾದ ಮಾಡಲಿಲ್ಲ, ಶೆಡ್ಡಿನ ಕೀಲಿಕೈಯನ್ನು ಸೊಂಟದಿಂದ ತೆಗೆದು ನನಗೆ ಕೊಟ್ಟರು.

ಎಂಬತ್ತರ ದಶಕದಲ್ಲಿ, ತಾಂಡೂರಿಗೆ ಲಾರಿಯ ಕೆಲಸಕ್ಕೆ ಹೋದಾಗಲೇ ಎದೆನೋವು ಬಂದು ಅಲ್ಲಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಮಲಗಿದರು. ಸುದ್ದಿ ತಿಳಿದು ನಾನು ಹೋದೆ. ಸಂಜೆಯ ಬಿಸಿಲು ಕಿಟಕಿಯಿಂದ ಹಾಸಿಗೆಯ ಮೇಲೆ ಬಿದ್ದಿತ್ತು. ಯಾಲಾಲದ ಕಡೆಯ ಒಬ್ಬ ಚಿಕ್ಕ ನರ್ಸ್ ನಾಡಿ ನೋಡುತ್ತ, “ಇವರು ನಿಮಗೇನಾಗಬೇಕ್ರಿ ಅಮ್ಮಾ? ಮಗಳೇನು?” ಎಂದು ಕೇಳಿದಳು.

ಅತ್ತೆ ಕಣ್ಣು ತೆರೆದು ನನ್ನನ್ನು ನೋಡಿದರು. ಸಂಬಂಧ ಹೇಳುವರು ಎಂದುಕೊಂಡೆ.

“ಇಕಿ ನನ್ನ ತಪ್ಪು ಹಿಡಿದಾಕಿ,” ಎಂದರು.

ನರ್ಸ್ ನನ್ನನ್ನು ಕನಿಕರದಿಂದ ನೋಡಿದಳು. ಕೊನೆಗಾಲದಲ್ಲೂ ಹಳೆಯ ಜಗಳ ಬಿಟ್ಟಿಲ್ಲ ಎಂದುಕೊಂಡಿರಬೇಕು. ಅತ್ತೆಯ ಮುಖದಲ್ಲಿ ಎಂಥ ಜಂಬ ಇತ್ತು ಎಂಬುದು ಅವಳಿಗೆ ಕಾಣಲಿಲ್ಲ. ನಾನೂ ಬಿಡಿಸಿ ಹೇಳಲು ಹೋಗಲಿಲ್ಲ. ಬೆಳಗಾಗುವುದರೊಳಗೆ ಅವರು ಹೋದರು. ನನಗೆ ಈಗ, ಅವರಿಗೆ ಅಂದು ಇದ್ದುದಕ್ಕಿಂತ ಹೆಚ್ಚು ವಯಸ್ಸು. ಎಷ್ಟೋ ಸಭೆಗಳಲ್ಲಿ ಎಷ್ಟೋ ರೀತಿ ನನ್ನ ಪರಿಚಯ ಮಾಡಿಕೊಟ್ಟಿದ್ದಾರೆ, ಅಷ್ಟು ಎತ್ತರದಲ್ಲಿ ನನ್ನನ್ನು ಮತ್ತೆ ಯಾರೂ ನಿಲ್ಲಿಸಲಿಲ್ಲ.